ಆಡುವ ವಿದ್ಯೆ, ಆಡಿಸುವ ವಿದ್ಯೆ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರ ನಡುವೆ ಯಾರು ಮಿಗಿಲೆಂಬ ವಿವಾದ ಹುಟ್ಟುತ್ತದೆ. ಆಗ ಆಚಾರ್ಯರನ್ನೇ ಕುಣಿಸಿ ನೋಡದೆ, ಅವರ ಶಿಷ್ಯರ ಪ್ರಯೋಗದಿಂದ ಅವರನ್ನು ಅಳೆಯಬೇಕೆಂದು ನಿರ್ಣಯವಾಗುತ್ತದೆ. ವಿದ್ಯೆಯನ್ನು ಬಲ್ಲುದು ಬೇರೆ, ಅದನ್ನು ಮತ್ತೊಬ್ಬರಲ್ಲಿ ನೆಲೆಗೊಳಿಸುವುದು ಬೇರೆ ಎಂಬ ಈ ವಿವೇಕವು ಟೆನಿಸ್ ಆಟಕ್ಕೂ ಸಲ್ಲುವಂಥದು.

ನುರಿತ ಆಟಗಾರನ ಅರಿವು ಬಹುಮಟ್ಟಿಗೆ ಅವನ ಕೈಕಾಲುಗಳಲ್ಲಿ ಅಡಗಿರುತ್ತದೆ. ಚೆಂಡು ಬರುವ ವೇಗ, ಪುಟಿಯುವ ಎತ್ತರ, ಹೆಜ್ಜೆಯಿಡಬೇಕಾದ ಎಡೆ, ಇವನ್ನು ಅವನು ಆಲೋಚಿಸಿ ನಿರ್ಧರಿಸುವುದಿಲ್ಲ. ಅಭ್ಯಾಸಬಲದಿಂದ ದೇಹವೇ ನಿರ್ಧರಿಸುತ್ತದೆ. ಗುರುವಾದೊಡನೆ ಆ ಮೂಕಜ್ಞಾನಕ್ಕೆ ಮಾತು ಕೊಡಬೇಕಾಗುತ್ತದೆ. ರ್ಯಾಕೆಟ್ಟಿನ ಹಿಡಿತ, ಭುಜದ ತಿರುವು, ಸರ್ವಿಸಿಗಾಗಿ ಚೆಂಡನ್ನು ಮೇಲಕ್ಕೆಸೆಯುವ ಅಳತೆ, ಒಂದೊಂದನ್ನೂ ಬಿಡಿಸಿ ಕ್ರಮವಾಗಿ ತೋರಿಸಬೇಕು. ತನ್ನ ನಡೆಯನ್ನು ನುಡಿಯಾಗಿಸಿ, ಆ ನುಡಿಯು ಶಿಷ್ಯನ ನಡೆಯಾಗುವವರೆಗೆ ಕಾಯಬೇಕು. ಅದಕ್ಕಿಂತಲೂ ಕಠಿನವಾದುದು, ಶಿಷ್ಯನ ದೇಹಪ್ರಕೃತಿ ತನ್ನದಲ್ಲವೆಂದರಿತು, ತನ್ನ ಆಟದ ಪಡಿಯಚ್ಚನ್ನು ಅವನ ಮೇಲೆ ಹೇರದಿರುವುದು.

ಜೆಕೊಸ್ಲೊವಾಕಿಯದಲ್ಲಿ ಜನಿಸಿದ ಇವಾನ್ ಲೆಂಡ್ಲ್ ಅವರ ಬಾಳು ಇದಕ್ಕೆ ಉತ್ತಮ ನಿದರ್ಶನ. ಗ್ರ್ಯಾಂಡ್ ಸ್ಲ್ಯಾಮ್ ಪಂದ್ಯಾವಳಿಗಳ ಮೊದಲ ನಾಲ್ಕು ಅಂತಿಮ ಪಂದ್ಯಗಳಲ್ಲಿ ಸೋತ ಅವರು, 1984ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಗೆದ್ದು, ಮುಂದೆ ಒಟ್ಟು 8 ಪ್ರಶಸ್ತಿಗಳನ್ನು ಗಳಿಸಿದರು. ಆದರೆ ವಿಂಬಲ್ಡನ್ ಮಾತ್ರ ಒಲಿಯಲಿಲ್ಲ. 1986, 1987ರಲ್ಲಿ ಅಂತಿಮ ಪಂದ್ಯದವರೆಗೆ ಬಂದು ಸೋತರು. 1990ರಲ್ಲಿ ಫ್ರೆಂಚ್ ಪಂದ್ಯಾವಳಿಯನ್ನೇ ತೊರೆದು ಹುಲ್ಲಿನ ಅಂಕಣದಲ್ಲಿ ಅಭ್ಯಾಸ ನಡೆಸಿದರೂ ಫಲ ದೊರೆಯಲಿಲ್ಲ. 1994ರಲ್ಲಿ ಆಟದಿಂದ ನಿವೃತ್ತರಾದರು.

2012ರ ಆರಂಭದಲ್ಲಿ ಅವರು ಬ್ರಿಟನ್ನಿನ ಆಂಡಿ ಮರ್ರೆಯವರಿಗೆ ಗುರುವಾದರು. ಮರ್ರೆಯವರು ಅದಾಗಲೇ ಮೂರು ಅಂತಿಮ ಪಂದ್ಯಗಳಲ್ಲಿ ಸೋತಿದ್ದರು. ಆ ವರ್ಷದ ವಿಂಬಲ್ಡನ್ನಿನಲ್ಲಿ ನಾಲ್ಕನೆಯ ಸೋಲೂ ಬಂದಿತು. ನಾಲ್ಕು ಸೋಲುಗಳ ಕಹಿಯನ್ನು ತಾವೇ ಉಂಡಿದ್ದ ಗುರುವಿಗಿಂತ ಆ ನೋವನ್ನು ಬಲ್ಲವರು ಯಾರು? ಅದೇ ಬೇಸಗೆಯಲ್ಲಿ ಶಿಷ್ಯನು ಒಲಿಂಪಿಕ್ ಸ್ವರ್ಣಪದಕವನ್ನೂ, ಸೆಪ್ಟೆಂಬರಿನಲ್ಲಿ ಅಮೆರಿಕದ ಪ್ರಶಸ್ತಿಯನ್ನೂ ಗೆದ್ದನು. 2013ರಲ್ಲಿ ವಿಂಬಲ್ಡನ್ ಗೆದ್ದಾಗ, 1936ರ ಫ್ರೆಡ್ ಪೆರಿಯವರ ತರುವಾಯ 77 ವರ್ಷಗಳಿಗೆ ಬ್ರಿಟನ್ನಿನ ಪುರುಷನೊಬ್ಬನಿಗೆ ಆ ಗೌರವ ಸಂದಂತಾಯಿತು.

ಅಂದಿನ ನಿಯಮದಂತೆ ಪಂದ್ಯ ನಡೆಯುವಾಗ ಗುರುವು ಸಲಹೆ ಕೊಡುವಂತಿರಲಿಲ್ಲ. ಲೆಂಡ್ಲ್ ಅವರು ಮುಖದಲ್ಲಿ ಭಾವವಿಕಾರ ತೋರದೆ ಪ್ರೇಕ್ಷಕರ ನಡುವೆ ಕುಳಿತಿದ್ದರು. ಕಲಿಸಬೇಕಾದುದೆಲ್ಲ ಮೊದಲೇ ಮುಗಿದಿರಬೇಕು. ಅಂಕಣದೊಳಗೆ ಶಿಷ್ಯನು ಒಬ್ಬನೇ. ಪರೀಕ್ಷಾಮಂದಿರದ ಹೊರಗೆ ನಿಂತ ಉಪಾಧ್ಯಾಯನ ಸ್ಥಿತಿಯೂ ಇದೇ ಅಲ್ಲವೇ?

ತನಗೆ ದಕ್ಕದ ಫಲವು ಶಿಷ್ಯನಿಗೆ ದಕ್ಕಿದಾಗ ಮತ್ಸರಪಡದೆ ಹಿಗ್ಗುವ ಮನಸ್ಸು ಯಾರಲ್ಲಿ ಮೂಡುವುದೋ, ಅವರು ಅಂದಿಗೆ ಆಟಗಾರರಾಗಿ ಉಳಿಯದೆ ಗುರುಗಳಾಗುತ್ತಾರೆ. ಪಾಠಶಾಲೆಯಲ್ಲಾಗಲಿ ಅಂಕಣದಲ್ಲಾಗಲಿ ಗುರುತ್ವದ ಒರೆಗಲ್ಲು ಇದೊಂದೇ.