ಹಿತ್ತಾಳೆ ದೀಪಕ್ಕೆ ಸುಂಕ ಎಷ್ಟು?

2025ರ ಗಣೇಶ ಚೌತಿ ಆಗಸ್ಟ್ 27ಕ್ಕೆ ಬಂತು. ಅದೇ ದಿನ ಭಾರತದ ಸಾಮಾನಿನ ಮೇಲಿನ ಅಮೆರಿಕದ ಹೆಚ್ಚುವರಿ ಸುಂಕ ಶೇ. 25ರಿಂದ 50ಕ್ಕೆ ಏರಿತು. ಎರಡು ದಿನ ಕಳೆದು, 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ 2016ರಿಂದ ಇದ್ದ ವಿನಾಯಿತಿಯೂ ಹೋಯಿತು. ಬೆಂಗಳೂರಿನಿಂದ ಗೈದರ್ಸ್‌ಬರ್ಗ್‌ಗೆ ದೀಪ, ತೋರಣ ತರಿಸುವವರಿಗೆ, ಅದರಲ್ಲೂ ದೀಪಾವಳಿ ಮೇಳದಲ್ಲಿ ಸಣ್ಣ ಅಂಗಡಿ ಹಾಕುವವರಿಗೆ, ಕಸ್ಟಮ್ಸ್ ಕೋಡ್ ಎಂಬುದು ಈಗ ಜೇಬಿನ ವಿಷಯ.

ಹಬ್ಬದ ಅಲಂಕಾರಕ್ಕೆಂದೇ ಅಮೆರಿಕದ ಸುಂಕ ಪಟ್ಟಿಯಲ್ಲಿ 9505 ಎಂಬ ಶೀರ್ಷಿಕೆ ಇದೆ. ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕುವ ಗಾಜಿನ ಗುಂಡಿಗೆ ಮೂಲ ಸುಂಕ ಸೊನ್ನೆ. ಅದೇ ಗಿಡಕ್ಕೆ ಸುತ್ತುವ ದೀಪದ ಸರ 9405ಕ್ಕೆ ಹೋಗುತ್ತದೆ, ಅಲ್ಲಿ ಶೇ. 8.

ಯಾವುದು ಹಬ್ಬದ ವಸ್ತು ಎಂಬ ಜಗಳ ಕೋರ್ಟಿಗೂ ಹೋಗಿದೆ. ಮಿನ್ನೆಸೋಟದ ಮಿಡ್‌ವೆಸ್ಟ್ ಆಫ್ ಕ್ಯಾನನ್ ಫಾಲ್ಸ್ ಕಂಪನಿಯ ಮೊಕದ್ದಮೆಯಲ್ಲಿ 1997ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಕಸ್ಟಮ್ಸ್‌ನವರ ಇಕ್ಕಟ್ಟಾದ ಅರ್ಥವನ್ನು ಒಪ್ಪಲಿಲ್ಲ. ಮುಂದೆ ಗಟ್ಟಿಯಾದ ಪರೀಕ್ಷೆ ಇಷ್ಟು: ವಸ್ತು ಒಂದು ಹಬ್ಬದ ಜೊತೆ ಹತ್ತಿರದ ನಂಟು ಹೊಂದಿರಬೇಕು, ಮುಖ್ಯವಾಗಿ ಆ ಹಬ್ಬದಲ್ಲೇ ಬಳಕೆಯಾಗಬೇಕು. ಬೇರೆ ದಿನ ಅದನ್ನು ಇಟ್ಟರೆ ನೋಡುವವರಿಗೆ ವಿಚಿತ್ರ ಅನಿಸಬೇಕು. 2007ರಲ್ಲಿ ಮತ್ತೊಂದು ಬೇಲಿ ಬಂತು: ತಟ್ಟೆ, ಮೇಜುಬಟ್ಟೆ, ಉಡುಪಿನಂಥ ಉಪಯೋಗದ ವಸ್ತುವಿನ ಮೇಲೆ ಹಬ್ಬದ ಚಿತ್ರ ಇದ್ದರೂ ಅದು 9505 ಅಲ್ಲ.

ನಮ್ಮ ಸಾಮಾನು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಹಿತ್ತಾಳೆಯ ಎಣ್ಣೆದೀಪವನ್ನು ನಾವು ದಿನಾ ಸಂಜೆ ಹಚ್ಚುತ್ತೇವೆ, ಹಾಗಾಗಿ ಅದನ್ನು ಹಬ್ಬದ ವಸ್ತು ಎಂದು ವಾದಿಸುವುದು ಕಷ್ಟ. ವಿದ್ಯುತ್ ಇಲ್ಲದ ಹಿತ್ತಾಳೆ ದೀಪಕ್ಕೆ ಮೂಲ ಸುಂಕ ಶೇ. 5.7. ಪ್ಲಾಸ್ಟಿಕ್ ಹೂವಿನ ಪೋಣಿಸಿದ ತೋರಣ 6702ಕ್ಕೆ ಬಿದ್ದರೆ ಶೇ. 8.4. ಬೆಳ್ಳಿ ಲೇಪ ಇಲ್ಲದ ಹಿತ್ತಾಳೆ ಗಣಪ ಮಾತ್ರ ಅಲಂಕಾರದ ಮೂರ್ತಿಯಾಗಿ ಸುಂಕವಿಲ್ಲದೆ ಬರುತ್ತಾನೆ. ಚನ್ನಪಟ್ಟಣದ ಬೊಂಬೆ ಆಟಿಕೆ ಎಂದಾದರೆ ಸೊನ್ನೆ, ಮರದ ಅಲಂಕಾರ ಎಂದಾದರೆ ಶೇ. 3.2. ದಸರಾ ಗೊಂಬೆ ಕೂರಿಸುವವರು ಇದಕ್ಕೆ ಏನೆನ್ನುತ್ತಾರೋ!

ಆದರೆ ಲೆಕ್ಕ ಹಾಕಿ ನೋಡಿ. 2025ರ ಆಗಸ್ಟ್ ಕೊನೆಯಲ್ಲಿ 400 ಡಾಲರ್‌ನ ದೀಪಗಳು ಕೊರಿಯರ್‌ನಲ್ಲಿ ಬಂದಿದ್ದರೆ ಮೂಲ ಸುಂಕ 22.80, ಹೆಚ್ಚುವರಿ 200, ಒಟ್ಟು 222.80 ಡಾಲರ್ ಆಗುತ್ತಿತ್ತು. ಆ ವರ್ಷದ ಜುಲೈನಲ್ಲಿ ಇದು ಸೊನ್ನೆ ಇತ್ತು. ಗಣಪನ ಕೋಡ್ ಹಿಡಿದರೂ ಆ 200 ತಪ್ಪುತ್ತಿರಲಿಲ್ಲ. ಕಾರಣ, ಆ ಹೆಚ್ಚುವರಿ ಸುಂಕ ನೋಡುತ್ತಿದ್ದುದು ಎಲ್ಲಿ ತಯಾರಾಯಿತು ಎಂಬುದನ್ನು. ಕೊರಿಯರ್‌ನವರ ಸೇವಾಶುಲ್ಕ ಬೇರೆ. ಹಾಗಾಗಿ ಮನೆಮಟ್ಟಿಗೆ ತರಿಸುವವರು ಕೋಡ್ ಬಗ್ಗೆ ತಲೆ ಕೆಡಿಸಿಕೊಳ್ಳುವುದರಲ್ಲಿ ಆಗ ಅರ್ಥವಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ವ್ಯಾಪಾರಕ್ಕೆ ತರಿಸುವವರ ಮಾತು ಬೇರೆ. 2,500 ಡಾಲರ್ ದಾಟಿದರೆ ಪೂರ್ಣ ಪ್ರಮಾಣದ ಎಂಟ್ರಿ, ಬಾಂಡ್ ಬೇಕು. ಆಗ ಶೇ. 5.7 ಕೂಡ ಲಾಭದಿಂದಲೇ ಕಳೆಯುತ್ತದೆ. ಸರಕು ಹೊರಡುವ ಮೊದಲೇ ಕಸ್ಟಮ್ಸ್‌ನಿಂದ ಬದ್ಧ ತೀರ್ಮಾನ ಕೇಳಬಹುದು, ಶುಲ್ಕ ಇಲ್ಲ. ಹಳೆಯ ತೀರ್ಮಾನಗಳು ಕ್ರಾಸ್ ಎಂಬ ದತ್ತಾಂಶದಲ್ಲಿ ಎಲ್ಲರಿಗೂ ತೆರೆದಿವೆ. ಎಂಟ್ರಿ ಅಂತಿಮವಾದ ಮೇಲೆ ತಕರಾರು ಸಲ್ಲಿಸಲು 180 ದಿನ ಸಮಯವಿದೆ.

ಅಮ್ಮ ಕಳಿಸುವ ಉಡುಗೊರೆಗೆ 100 ಡಾಲರ್‌ವರೆಗೆ ವಿನಾಯಿತಿ ಉಳಿದಿದೆ. ನೀವೇ ದುಡ್ಡು ಕೊಟ್ಟು ಅಂಗಡಿಯಿಂದ ತರಿಸಿ ಅದನ್ನು ಉಡುಗೊರೆ ಎಂದು ಬರೆಸಿದರೆ ಸುಳ್ಳು ಘೋಷಣೆಯಾಗುತ್ತದೆ, ಬೇಡ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರಿಗೆ ಸೂಟ್‌ಕೇಸೇ ವಾಸಿ: 48 ಗಂಟೆ ಹೊರಗಿದ್ದು ಮರಳುವ ಇಲ್ಲಿನ ನಿವಾಸಿಗೆ ಸ್ವಂತ ಬಳಕೆಯ ವಸ್ತುಗಳಿಗೆ ತಲೆಗೆ 800 ಡಾಲರ್, 30 ದಿನಕ್ಕೊಮ್ಮೆ. ಒಂದೇ ಮನೆಯ ನಾಲ್ವರು ಒಟ್ಟಿಗೆ ಘೋಷಿಸಿದರೆ 3,200 ಡಾಲರ್. ಅಂಗಡಿಯ ರಸೀದಿ ಕೈಚೀಲದಲ್ಲೇ ಇರಲಿ.