ಆ ಡಿಸ್ಕೋ ಹಾಡು ಪೂರ್ತಿ ಕೇಳಿದ್ದೀರಾ?

ಕುಮಟಾದಿಂದ ಭಟ್ಕಳಕ್ಕೆ ರೈಲಲ್ಲಿ ಹೋಗ್ತಾ ಹಳೇ ಡಿಸ್ಕೋ ಹಾಕ್ಕೊಳ್ತೀರಾ? ಒಮ್ಮೆ ಹಾಡಿನ ಅವಧಿ ನೋಡಿ. ಡೊನಾ ಸಮ್ಮರ್ ಹಾಡಿದ ‘ಲವ್ ಟು ಲವ್ ಯೂ ಬೇಬಿ’ 1975ರ ಆಲ್ಬಮ್‌ನಲ್ಲಿ ಸುಮಾರು 17 ನಿಮಿಷ, ಎಲ್‌ಪಿಯ ಒಂದಿಡೀ ಮಗ್ಗುಲು. ಸಿಂಗಲ್ 5 ನಿಮಿಷವೂ ಇಲ್ಲ. ಆಕೆಯ ನಿಟ್ಟುಸಿರು ಅತಿಯಾಯ್ತು ಅಂತ ಬಿಬಿಸಿ ಅದನ್ನೂ ಹಾಕಲಿಲ್ಲ.

ಕತ್ತರಿಗೆ ಮಡಿವಂತಿಕೆಯೊಂದೇ ಕಾರಣವಲ್ಲ. 7 ಇಂಚಿನ ರೆಕಾರ್ಡಿನಲ್ಲಿ ಜಾಗವೂ ಕಡಿಮೆ. ಡಿಸ್ಕೋಗಾಗಿಯೇ 12 ಇಂಚಿನ ಸಿಂಗಲ್ ಬಂತು. ಹಾಗಾಗಿ ‘12 ಇಂಚ್ ವರ್ಷನ್’ ಅಂತ ಹುಡುಕಿ. ‘ರೇಡಿಯೊ ಎಡಿಟ್’, ‘ಕ್ಲೀನ್’ ಅಂತಿದ್ದರೆ ಕತ್ತರಿ ಬಿದ್ದಿದೆ ಎಂದೇ ಅರ್ಥ.

ಇಸವಿಯನ್ನೂ ನೋಡಿ. ಬೆಂಗಳೂರಲ್ಲಿ ಹುಟ್ಟಿದ ಬಿದ್ದು ಅವರ ಸಂಗೀತದಲ್ಲಿ ನಾಜಿಯಾ ಹಸನ್ ಹಾಡಿದ ‘ಡಿಸ್ಕೋ ದೀವಾನೆ’ 1981ರದ್ದು. ಹುಡುಕಿದರೆ 2012ರ ಸಿನಿಮಾದ ಹೊಸ ರೂಪವೂ ಎದುರಾಗುತ್ತೆ.

ಇನ್ನು ಮನೆಯ ಅಟ್ಟ! ಭಟ್ಕಳ, ಹೊನ್ನಾವರದ ಕಡೆ ಗಲ್ಫ್‌ನಿಂದ ಬಂದ ಕ್ಯಾಸೆಟ್‌ಗಳನ್ನ ಗುಜರಿಗೆ ಹಾಕೋ ಮೊದಲು ಲೇಬಲ್ ಓದಿ. ಆನ್‌ಲೈನ್ ಹಾಡು ಯಾವಾಗ ಬೇಕಾದ್ರೂ ಮಾಯವಾಗಬಹುದು, ಕೈಲಿರೋ ಟೇಪ್ ಹಾಗಲ್ಲ. ಆದ್ರೆ ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಪ್ಲೇಯರ್‌ಗೆ ಹಾಕಬೇಡಿ. ಟೇಪ್ ಹರಿಯಬಹುದು, ಬೂಷ್ಟು ಬೇರೆ ಕ್ಯಾಸೆಟ್‌ಗೂ ಹರಡುತ್ತೆ. ಚೆನ್ನಾಗಿದ್ದರೆ ಒಮ್ಮೆ ರಿವೈಂಡ್ ಮಾಡಿ, ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಿ.

ಕ್ಯಾಸೆಟ್ ತಂದ ಚಿಕ್ಕಪ್ಪ, ಮಾವ ಇದ್ದರೆ ಜೊತೆಗೆ ಕೂತು ಕೇಳಿ. ಡೊನಾ ಸಮ್ಮರ್ ಮಾತ್ರ ಇಯರ್‌ಫೋನ್‌ನಲ್ಲೇ ಇರಲಿ!