ಟ್ರ್ಯಾಕ್ಟರ್ ಬ್ಯಾಟರಿಯ ಜೋಪಾನ

ಮೋರಟಗಿ ಸೀಮೆಯ ಎರಿ ಹೊಲ ಹದಕ್ಕೆ ಬಂದಾಗ ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ ಜೀವ ಚಡಪಡಿಸುತ್ತದೆ, ಖರೆ. ಆದರೆ ಅವಸರದಾಗ ಬ್ಯಾಟರಿಗೆ ಕೈ ಹಾಕಿ ಕಣ್ಣು ಕಳಕೊಳ್ಳಬ್ಯಾಡ್ರಿ.

12 ವೋಲ್ಟಿನ ಬ್ಯಾಟರಿಯಲ್ಲಿ 6 ಮನೆಗಳಿವೆ. ಒಳಗೆ ಸೀಸದ ತಗಡು, ಗಂಧಕಾಮ್ಲ ಬೆರೆತ ನೀರು. ಚಾರ್ಜ್ ಮಾಡುವಾಗ ಜಲಜನಕ ಅನಿಲ ಏಳುತ್ತದೆ. ಒಂದು ಕಿಡಿ ತಾಗಿದರೂ ಬ್ಯಾಟರಿ ಸಿಡಿದೀತು. ಆದ್ದರಿಂದ ಗಾಳಿಯಾಡುವ ಜಾಗದಲ್ಲಿಡಿರಿ. ಬೀಡಿ, ದೀಪ ದೂರವಿರಲಿ. ಕ್ಲಿಪ್ಪು ಜೋಡಿಸಿದ ಮೇಲೆ ಚಾರ್ಜರಿನ ಸ್ವಿಚ್ ಹಾಕಿರಿ. ಸ್ವಿಚ್ ಆರಿಸಿಯೇ ಕ್ಲಿಪ್ಪು ತೆಗೆಯಿರಿ.

ಬ್ಯಾಟರಿ ಬದಲಿಸುವಾಗ ಗಾಡಿಯ ಮೈಗೆ ಕೂಡಿದ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿರಿ. ಪ್ಲಸ್ ಮೊದಲು ಬಿಚ್ಚಹೋದರೆ ಪಾನಾ ಗಾಡಿಯ ಕಬ್ಬಿಣಕ್ಕೆ ತಾಗಿ ಕಿಡಿ ಹಾರುತ್ತದೆ.

ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ತಗಡು ಮುಳುಗಿರಬೇಕು. ಭಟ್ಟಿ ಇಳಿಸಿದ ನೀರನ್ನೇ ಹಾಕಿರಿ. ಬೋರಿನ ನೀರಿನ ಉಪ್ಪು ತಗಡನ್ನು ಕೆಡಿಸುತ್ತದೆ. ಆಮ್ಲ ಕಣ್ಣಿಗೆ ಸಿಡಿದರೆ ತಿಕ್ಕಬ್ಯಾಡ್ರಿ. ಕೂಡಲೇ 20 ನಿಮಿಷ ಶುದ್ಧ ನೀರಿನಿಂದ ತೊಳೆದು ದವಾಖಾನೆಗೆ ಹೋಗಿರಿ.

ಹಳೆಯದನ್ನು ಒಡೆದು ಸೀಸ ಕರಗಿಸಲೇಬ್ಯಾಡ್ರಿ. ಅದರ ಹೊಗೆ, ಧೂಳು ಮಕ್ಕಳ ಮಿದುಳಿಗೆ ವಿಷ. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು, ಅದರ ಬೆಲೆ ವಜಾ ಮಾಡಿಸಿಕೊಳ್ಳಿರಿ.